ಬಾಡಿಗೆಗೆ ಕೊಟ್ಟ ಮನೆಯ ಸಾಲ ಬೇರೆ ಬ್ಯಾಂಕಿಗೆ: ಕಂತು ಇಳಿದರೆ ಸಾಕಾ?

ಪ್ರಶ್ನೆ: ನಾನು ಮಂಡ್ಯದ ಖಾಸಗಿ ಕಾಲೇಜೊಂದರಲ್ಲಿ ಕೆಲಸ ಮಾಡುತ್ತೇನೆ. ಇರುವುದು ಅಪ್ಪನ ಮನೆಯಲ್ಲಿ. ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆ ಇದೆ. 2017ರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 20 ವರ್ಷಕ್ಕೆ 40 ಲಕ್ಷ ಸಾಲ ಮಾಡಿ ಕೊಂಡದ್ದು. ಹೆಂಡತಿ ಸಹ ಅರ್ಜಿದಾರಳು. ಈಗ 30 ಲಕ್ಷ ಬಾಕಿ ಇದೆ. ಇನ್ನೂ 12 ವರ್ಷ, ಬಡ್ಡಿ ಶೇ. 9.4, ಕಂತು 34,820 ರೂಪಾಯಿ. ಕಳೆದ ವರ್ಷ ಎಲ್ಲರಿಗೂ ಬಡ್ಡಿ ಇಳಿಯಿತು ಅಂತಾರೆ, ನನಗೆ ಇಳಿದದ್ದು ಅರ್ಧ ಪರ್ಸೆಂಟ್ ಮಾತ್ರ. ಕೆಳಗಿನ ಮನೆ, ಆಮೇಲೆ ಮಹಡಿ ಮೇಲೆ ಕಟ್ಟಿಸಿದ ಒಂದು ಹಾಲು-ರೂಮು, ಎರಡೂ ಸೇರಿ ತಿಂಗಳಿಗೆ 22,000 ಬಾಡಿಗೆ ಬರುತ್ತದೆ. ಬ್ಯಾಂಕೊಂದರ ಏಜೆಂಟರು ಸಾಲವನ್ನು ಶೇ. 7.9ಕ್ಕೆ ತಮ್ಮ ಕಡೆಗೆ ವರ್ಗಾಯಿಸಿಕೊಳ್ಳಿ, 20 ವರ್ಷ ಮಾಡಿಕೊಂಡರೆ ಕಂತು 25,000ದ ಒಳಗೆ ಬರುತ್ತೆ, ಹೆಚ್ಚುಕಮ್ಮಿ ಬಾಡಿಗೆಯಲ್ಲೇ ಸಾಲ ತೀರುತ್ತೆ, ಜೊತೆಗೆ ಅದೇ ಮನೆ ಮೇಲೆ ಇನ್ನೂ 5 ಲಕ್ಷ ಸಾಲ, ಟಾಪ್‌ಅಪ್ ಅಂತ, ಕೊಡಿಸ್ತೀನಿ ಎನ್ನುತ್ತಿದ್ದಾರೆ. ನಮ್ಮ ಮಾವನವರು ಅದೆಲ್ಲ ಬೇಡ, ಮನೆಯನ್ನು 12 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ ಸಾಲ ಇಳಿಸಿಕೋ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ಏಜೆಂಟರ ಲೆಕ್ಕವನ್ನೇ ಬಿಡಿಸಿ ನೋಡೋಣ. ಅವರು ಹೇಳಿದ ಅಂಕಿ ಯಾವುದೂ ಸುಳ್ಳಲ್ಲ. 30 ಲಕ್ಷವನ್ನು ಶೇ. 7.9ರಲ್ಲಿ 20 ವರ್ಷಕ್ಕೆ ಹಂಚಿದರೆ ಕಂತು 24,907 ರೂಪಾಯಿ. ಈಗಿನದಕ್ಕಿಂತ ತಿಂಗಳಿಗೆ ಹತ್ತಿರ ಹತ್ತಿರ 10,000 ಕಮ್ಮಿ. ಬಾಡಿಗೆ ಬರುತ್ತೆ, ಕೈಯಿಂದ ಮೂರು ಸಾವಿರ ಹಾಕಿದರೆ ಆಯ್ತು. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಅವರು ಬಾಯಿ ಬಿಡದೆ ಉಳಿಸಿಕೊಂಡದ್ದು ಒಟ್ಟು ಬಡ್ಡಿಯನ್ನು. ನೀವು ಏನೂ ಮಾಡದೆ ಈಗಿನ ದುಬಾರಿ ಬಡ್ಡಿಯಲ್ಲೇ 12 ವರ್ಷ ಕಟ್ಟಿ ಮುಗಿಸಿದರೆ ಇನ್ನು ಕೊಡಬೇಕಾದ ಬಡ್ಡಿ ಸುಮಾರು 20.1 ಲಕ್ಷ. ಅವರು ಹೇಳಿದ ಹಾಗೆ 20 ವರ್ಷ ಮಾಡಿಕೊಂಡರೆ 29.8 ಲಕ್ಷ. ಬಡ್ಡಿದರ ಒಂದೂವರೆ ಪರ್ಸೆಂಟ್ ಇಳಿದೂ 9.6 ಲಕ್ಷ ಜಾಸ್ತಿ ಕೊಟ್ಟಂತಾಯಿತು. ಸಾಲ ಮುಗಿಯುವುದು 2046ಕ್ಕೆ. ಬಾಡಿಗೆಯಲ್ಲಿ ತೀರುವ ಸಾಲ ಅನ್ನೋದು ಮೂಗಿಗೆ ಸವರಿದ ತುಪ್ಪ.

ಈಗ ಅದೇ ಬ್ಯಾಂಕು, ಅದೇ 7.9. ಅವಧಿ ಮಾತ್ರ 12 ವರ್ಷಕ್ಕೇ ನಿಲ್ಲಿಸಿ. ಕಂತು 32,309 ಆಗುತ್ತದೆ. ಉಳಿತಾಯ ತಿಂಗಳಿಗೆ 2,511, ಒಟ್ಟು 3.6 ಲಕ್ಷ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಂತನ್ನು ಇಳಿಸಿಕೊಳ್ಳಲೇ ಬೇಡಿ. ಈಗ ಕಟ್ಟುತ್ತಿರುವ 34,820ನ್ನೇ ಹೊಸ ಬ್ಯಾಂಕಿಗೂ ಕಟ್ಟಿದರೆ ಸಾಲ 128 ತಿಂಗಳಿಗೆ ಮುಗಿಯುತ್ತದೆ. ಅಂದರೆ 16 ತಿಂಗಳು ಮುಂಚೆ. ಒಟ್ಟು ಉಳಿತಾಯ 5.7 ಲಕ್ಷ. ಇದೇ ಕಂತು ನಿಮಗೆ ಈಗಾಗಲೇ ಅಭ್ಯಾಸ ಆಗಿದೆ, ಹೊಸದಾಗಿ ಹೊಟ್ಟೆ ಕಟ್ಟಬೇಕಾಗಿಲ್ಲ. ಅರ್ಜಿಯಲ್ಲಿ ಅವಧಿ 11 ವರ್ಷ ಎಂದು ಬರೆಸಿದರೆ ಕಂತು 34,085 ಬರುತ್ತದೆ, ಅದೂ ಸರಿಯೇ. ಸಂಬಳದ ಬಗ್ಗೆ ಸ್ವಲ್ಪ ಅಳುಕಿದ್ದರೆ 12 ವರ್ಷ ಎಂದೇ ಬರೆಸಿ, ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿ ಕಟ್ಟುತ್ತಾ ಹೋಗಿ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಇಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. 2017ರಲ್ಲಿ 20 ವರ್ಷಕ್ಕೆ ಮಾಡಿದ ಸಾಲ 2037ಕ್ಕೆ ಮುಗಿಯಬೇಕಿತ್ತು. 2026ರಲ್ಲಿ ಕೂತು 12 ವರ್ಷ ಬಾಕಿ ಎನ್ನುತ್ತಿದ್ದೀರಿ. ಅಂದರೆ ನಡುವೆ ಒಂದು ವರ್ಷ ಬೆಳೆದಿದೆ. ರಿಸರ್ವ್ ಬ್ಯಾಂಕು 2022ರ ಮೇಯಿಂದ 2023ರ ಫೆಬ್ರವರಿಯ ಒಳಗೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿದರವನ್ನು, ಶೇ. 4ರಿಂದ 6.5ಕ್ಕೆ ಏರಿಸಿತು. ಆಗ ಬಹಳಷ್ಟು ಸಾಲ ಸಂಸ್ಥೆಗಳು ಕಂತು ಏರಿಸಲಿಲ್ಲ, ಸದ್ದಿಲ್ಲದೆ ಅವಧಿ ಎಳೆದವು. ಗ್ರಾಹಕರಿಗೆ ಕಂತು ಅಷ್ಟೇ ಇದ್ದದ್ದರಿಂದ ಗೊತ್ತೇ ಆಗಲಿಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ಮಾಡಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಸಾಲಗಾರನನ್ನು ಕೇಳಬೇಕು. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿ ಇದುವರೆಗೆ ಕಟ್ಟಿದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿದರ ಇರಬೇಕು. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಅದು ಸಿಗುತ್ತದೆ. ಒಮ್ಮೆ ತೆಗೆದು ಉಳಿದ ಕಂತುಗಳ ಸಂಖ್ಯೆ ಎಣಿಸಿ ನೋಡಿ. ನಾನು ಮೇಲೆ ಹಾಕಿದ ಲೆಕ್ಕ 144 ಕಂತಿಗೆ.

ನಿಮಗೆ ಅರ್ಧ ಪರ್ಸೆಂಟೇ ಯಾಕೆ ಇಳಿಯಿತು? 2025ರಲ್ಲಿ ರೆಪೊ ದರ ನಾಲ್ಕು ಸಲ ಇಳಿಯಿತು. ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.5, ಡಿಸೆಂಬರ್‌ನಲ್ಲಿ 5.25. ಒಟ್ಟು ಒಂದೂಕಾಲು ಪರ್ಸೆಂಟ್. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಅಂಟಿಕೊಂಡಿರಲೇಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ಪರಿಷ್ಕರಣೆ ಆಗಬೇಕು. ಹಾಗಾಗಿ ಬ್ಯಾಂಕಿನ ಸಾಲಗಾರರಿಗೆ ಇಳಿಕೆ ಬೇಗ ತಲುಪಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡು ಇಲ್ಲ. ಅವು ತಮ್ಮದೇ ಒಂದು ಮೂಲ ದರ ಇಟ್ಟುಕೊಂಡಿರುತ್ತವೆ, ಅದನ್ನು ಯಾವಾಗ ಎಷ್ಟು ಇಳಿಸಬೇಕು ಅನ್ನೋದು ಅವರ ಲೆಕ್ಕ. ಹೊಸದಾಗಿ ಸಾಲ ಕೇಳಿ ಬರುವವರಿಗೆ ಕಡಿಮೆ ಬಡ್ಡಿ, ಹಳಬರಿಗೆ ಹಳೇ ಬಡ್ಡಿ. ಹಳಬರು ಬಾಯಿ ಬಿಟ್ಟು ಕೇಳಬೇಕು, ಇಲ್ಲದಿದ್ದರೆ ಸಿಗೋದಿಲ್ಲ.

ಆದ್ದರಿಂದ ಏಜೆಂಟರಿಗೆ ಸಹಿ ಹಾಕಿಕೊಡುವ ಮುಂಚೆ ನಿಮ್ಮ ಹಳೇ ಕಂಪನಿಯ ಶಾಖೆಗೆ ಹೋಗಿ. ಫೋನ್ ಮಾಡಿದರೆ ಕಾಲ್ ಸೆಂಟರಿನವರು ಸುಮ್ನೆ ಸುತ್ತಿಸುತ್ತಾರೆ. ಶಾಖೆಯಲ್ಲಿ ಎರಡು ಕಾಗದ ಕೇಳಿ: ಸಾಲ ಪೂರ್ತಿ ತೀರಿಸಲು ಬೇಕಾದ ಮೊತ್ತದ ಪತ್ರ, ಮತ್ತು ಅವರ ಹತ್ತಿರ ಇರುವ ನಿಮ್ಮ ಕಾಗದಪತ್ರಗಳ ಪಟ್ಟಿ. ಮೊದಲನೆಯದಕ್ಕೆ ಫೋರ್‌ಕ್ಲೋಷರ್ ಲೆಟರ್, ಎರಡನೆಯದಕ್ಕೆ ಎಲ್‌ಓಡಿ ಅಂತಾರೆ. ಇವೆರಡನ್ನು ಕೇಳಿದವನು ಹೊರಟು ನಿಂತಿದ್ದಾನೆ ಎಂದು ಅವರಿಗೆ ಅರ್ಥವಾಗುತ್ತದೆ. ಮೇಜಿನ ಆಚೆ ಕೂತವರ ಮಾತಿನ ಧಾಟಿ ಅಲ್ಲೇ ಬದಲಾಗುತ್ತದೆ. ‘ಯಾಕೆ ಸಾರ್, ಇಲ್ಲೇ ಕನ್ವರ್ಷನ್ ಮಾಡಿಸಿಕೊಳ್ಳಿ, ರೇಟ್ ಇಳಿಸಿಕೊಡ್ತೀವಿ’ ಎನ್ನುತ್ತಾರೆ. ಎಷ್ಟಕ್ಕೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಒಂದು ಉದಾಹರಣೆ ಹಾಕೋಣ. ಅವರು ಶೇ. 8.2ಕ್ಕೆ ಇಳಿಸಲು ಒಪ್ಪಿ, ಬಾಕಿ ಸಾಲದ ಅರ್ಧ ಪರ್ಸೆಂಟ್ ಕನ್ವರ್ಷನ್ ಫೀ ಕೇಳಿದರು ಎಂದುಕೊಳ್ಳಿ. 15,000, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 17,700. ಕಂತು ಹಾಗೇ ಇಟ್ಟರೆ ಬಡ್ಡಿಯಲ್ಲಿ ಉಳಿಯುವುದು 4.7 ಲಕ್ಷ. ಹೊಸ ಬ್ಯಾಂಕಿಗೆ ಹೋದರೆ 5.7 ಲಕ್ಷ, ಆದರೆ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ಎಂಜಿನಿಯರ್ ಬೆಲೆ ಕಟ್ಟುವ ಖರ್ಚು, ಅಡಮಾನದ ನೋಂದಣಿ ಎಲ್ಲ ಸೇರಿ 40,000 ಹೋಯಿತು ಅಂತ ಇಟ್ಟುಕೊಳ್ಳಿ. ಖರ್ಚು ಕಳೆದು ನೋಡಿದರೆ ಎರಡಕ್ಕೂ ನಡುವಿನ ವ್ಯತ್ಯಾಸ 77,000ದ ಆಸುಪಾಸು, ಅದೂ ಹತ್ತೂವರೆ ವರ್ಷದಲ್ಲಿ. ಏನೂ ಮಾಡದೆ ಕೂರುವುದಕ್ಕೂ ಇವೆರಡಕ್ಕೂ ಇರುವ ಅಂತರ ದೊಡ್ಡದು. ಇವೆರಡರ ನಡುವಿನದು ಚಿಕ್ಕದು.

ಹಾಗಾದರೆ ಓಡಾಟ ಯಾಕೆ, ಹಳೇ ಕಡೆಯೇ ಇರೋಣ ಅನ್ನಿಸಬಹುದು. ನಾನಾದರೆ ಬ್ಯಾಂಕಿಗೇ ಹೋಗಿ ಎನ್ನುತ್ತೇನೆ. ಇವತ್ತಿನ 0.3 ಪರ್ಸೆಂಟ್‌ಗಾಗಿ ಅಲ್ಲ. ಈ ಕಂಪನಿಯಲ್ಲಿ ಇವತ್ತು 8.2 ಮಾಡಿಸಿಕೊಂಡರೂ ಮುಂದಿನ ಸಲ ರೆಪೊ ಇಳಿದಾಗ ಮತ್ತೆ ನೀವೇ ಹೋಗಿ ನಿಲ್ಲಬೇಕು, ಮತ್ತೆ ಫೀ ಕಟ್ಟಬೇಕು. ರೆಪೊಗೆ ಅಂಟಿದ ಸಾಲದಲ್ಲಿ ಆ ಕೆಲಸ ತಾನಾಗೇ ಆಗುತ್ತದೆ. ಏರುವಾಗಲೂ ಅಷ್ಟೇ ಬೇಗ ಏರುತ್ತದೆ, ಅದು ನೆನಪಿರಲಿ. ಕಂತನ್ನು ಇಳಿಸದೆ ಕಟ್ಟಿ ಅಂದದ್ದಕ್ಕೆ ಇದೂ ಒಂದು ಕಾರಣ. ಮುಂದೆ ಬಡ್ಡಿ ಏರಿದರೆ ಅದನ್ನು ತಡೆದುಕೊಳ್ಳುವ ಜಾಗ ಕಂತಿನೊಳಗೇ ಇರುತ್ತದೆ.

ಬ್ಯಾಂಕಿನಲ್ಲಿ 7.9 ಎಂದಾಗ ಅದರ ಒಳಗೆ ಎರಡು ಭಾಗ ಇರುತ್ತದೆ. ರೆಪೊ 5.25, ಅದರ ಮೇಲೆ ಬ್ಯಾಂಕು ಇಟ್ಟ 2.65. ಈ ಮೇಲಿನ ಭಾಗಕ್ಕೆ ಸ್ಪ್ರೆಡ್ ಅಂತಾರೆ. ಕೇಳಬೇಕಾದ್ದು ಇದನ್ನು. ರೆಪೊ ಎಲ್ಲರಿಗೂ ಒಂದೇ, ಸ್ಪ್ರೆಡ್ ಮಾತ್ರ ನಿಮ್ಮ ಜೊತೆ ಸಾಲ ತೀರುವವರೆಗೂ ಬರುತ್ತದೆ. ಮೊದಲ ವರ್ಷಕ್ಕೆ ಮಾತ್ರ ರಿಯಾಯಿತಿಯೋ, ಕೊನೆಯವರೆಗೂ ಇದೇನೋ ಎಂದು ಮಂಜೂರಾತಿ ಪತ್ರದಲ್ಲಿ ನೋಡಿ. ನಿಮ್ಮ ಸಿಬಿಲ್ ಅಂಕ (ಸಾಲ ಕಟ್ಟಿದ ಚರಿತ್ರೆ ನೋಡಿ ಕೊಡುವ ಅಂಕ) ಕುಸಿದರೆ ಸ್ಪ್ರೆಡ್ ಏರಿಸುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಜೊತೆಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಒಂದು ಹಾಳೆ ಕೊಡುವುದು 2024ರ ಅಕ್ಟೋಬರ್‌ನಿಂದ ಕಡ್ಡಾಯ. ಎಲ್ಲ ಫೀಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಎರಡು ಬ್ಯಾಂಕು ಹೋಲಿಸುವುದಾದರೆ ಆ ದರವನ್ನು ಹೋಲಿಸಿ, ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರವನ್ನಲ್ಲ. ಸಾಲದ ಜೊತೆ ವಿಮೆ ತಳ್ಳುತ್ತಾರೆ, ಒಂದೇ ಕಂತಿನ ಪ್ರೀಮಿಯಂ ಸಾಲಕ್ಕೇ ಸೇರಿಸಿಬಿಡುತ್ತಾರೆ. ಅದು ಕಡ್ಡಾಯವಲ್ಲ. ಬೇಕಾದರೆ ಹೊರಗೆ ಟರ್ಮ್ ಪಾಲಿಸಿ ತಗೊಳ್ಳಿ.

ಇನ್ನು ತೆರಿಗೆ. ಬಾಡಿಗೆಗೆ ಕೊಟ್ಟ ಮನೆ ಅನ್ನೋದು ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿ. ಸ್ವಂತಕ್ಕೆ ವಾಸವಿರುವ ಮನೆಯ ಲೆಕ್ಕವನ್ನು ಇದಕ್ಕೆ ಅಂಟಿಸಬೇಡಿ.

ನಿಮ್ಮ ಬಾಡಿಗೆ ವರ್ಷಕ್ಕೆ 2,64,000. ಕಂದಾಯ 6,000 ಎಂದುಕೊಂಡು ಕಳೆದರೆ 2,58,000. ಅದರಲ್ಲಿ ಶೇ. 30ನ್ನು, ನೀವು ರಿಪೇರಿ ಮಾಡಿಸಿರಲಿ ಬಿಡಲಿ, ಕಾನೂನೇ ಬಿಟ್ಟುಕೊಡುತ್ತದೆ. ಉಳಿಯುವುದು 1,80,600. ಇದರಿಂದ ಸಾಲದ ಬಡ್ಡಿ ಕಳೆಯಬಹುದು. ಸ್ವಂತ ವಾಸದ ಮನೆಗೆ ಇರುವ 2 ಲಕ್ಷದ ಮಿತಿ ಬಾಡಿಗೆ ಮನೆಯ ಬಡ್ಡಿಗೆ ಇಲ್ಲ, ಪೂರ್ತಿ ಬಡ್ಡಿ ಕಳೆಯಬಹುದು. ಈಗಿನ 9.4ರಲ್ಲಿ ಮುಂದಿನ ಒಂದು ವರ್ಷಕ್ಕೆ ನೀವು ಕಟ್ಟುವ ಬಡ್ಡಿ ಸುಮಾರು 2,76,000. 7.9ಕ್ಕೆ ಹೋಗಿ ಅದೇ ಕಂತು ಕಟ್ಟಿದರೆ 2,30,300. ಒಂದು ವರ್ಷದ ಉಳಿತಾಯ 45,700.

ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮನೆ ಲೆಕ್ಕದಲ್ಲಿ ಬರುವ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಮಿಕ್ಕಿದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ನಿಮ್ಮ ನಷ್ಟ ಈಗ 95,400, ವರ್ಗಾವಣೆ ಆದಮೇಲೆ 49,700. ಬಡ್ಡಿ ಕಮ್ಮಿಯಾದಷ್ಟು ತೆರಿಗೆ ವಿನಾಯಿತಿಯೂ ಕಮ್ಮಿ. ಶೇ. 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 14,000 ಚಿಲ್ಲರೆ ಹೆಚ್ಚು ತೆರಿಗೆ ಬೀಳುತ್ತದೆ. ಅಂದರೆ 45,700ರಲ್ಲಿ ಕೈಗೆ ಉಳಿಯುವುದು 31,400. ಲಾಭ ಇದೆ, ಆದರೆ ತೋರಿದಷ್ಟಿಲ್ಲ.

ಹೊಸ ಪದ್ಧತಿಯಲ್ಲಿದ್ದರೆ ಚಿತ್ರವೇ ಬೇರೆ. ಅಲ್ಲೂ ಬಾಡಿಗೆ ಮನೆಯ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು. ಆದರೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ನಿಮಗೆ ಪ್ರಯೋಜನಕ್ಕೆ ಬರುವುದು ಮೊದಲ 1,80,600 ರೂಪಾಯಿ ಬಡ್ಡಿ ಮಾತ್ರ, ಅದರ ಮೇಲಿನದು ತೆರಿಗೆ ಲೆಕ್ಕದಲ್ಲಿ ನೀರಿನಲ್ಲಿ ಹೋಮ. ಬಡ್ಡಿ 2,76,000ದಿಂದ 2,30,300ಕ್ಕೆ ಇಳಿದಾಗ ನೀವು ಕಳೆದುಕೊಂಡ ವಿನಾಯಿತಿ ಸೊನ್ನೆ, 45,700 ಪೂರ್ತಿ ನಿಮ್ಮದೇ. ನನ್ನ ಹತ್ತಿರ ಬರುವ ಸಂಬಳದಾರರಲ್ಲಿ ಹೆಚ್ಚಿನವರು, 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತಾದಮೇಲೆ, ಹೊಸ ಪದ್ಧತಿಗೇ ಹೋಗಿದ್ದಾರೆ. ನೀವೂ ಅಲ್ಲೇ ಇದ್ದರೆ ವರ್ಗಾವಣೆ ನಿಮಗೆ ಹಳೇ ಪದ್ಧತಿಯವರಿಗಿಂತ ಜಾಸ್ತಿ ಲಾಭದ್ದು. ಇನ್ನೊಂದು: ಕೈಯಲ್ಲಿ ಹಣ ಮಿಕ್ಕಾಗೆಲ್ಲ ಅಸಲಿಗೆ ಕಟ್ಟಿ, ಸಾಲ 23 ಲಕ್ಷದ ಹತ್ತಿರ ಬರುವವರೆಗೆ ಯೋಚಿಸಲೇ ಬೇಡಿ. ಅಲ್ಲಿಗೆ ಬಂದಾಗ 7.9ರ ಬಡ್ಡಿ ವರ್ಷಕ್ಕೆ 1.8 ಲಕ್ಷ ಆಗುತ್ತದೆ. ಅದರ ಕೆಳಗೆ ಇಳಿದ ಮೇಲೆ ಕಟ್ಟಬೇಕೋ ಬೇರೆ ಕಡೆ ಹಾಕಬೇಕೋ ಎಂದು ನಿಧಾನಕ್ಕೆ ನೋಡಬಹುದು.

ಸಾಲ ಬೇರೆ ಬ್ಯಾಂಕಿಗೆ ಹೋದರೆ ಬಡ್ಡಿಯ ವಿನಾಯಿತಿ ತಪ್ಪುತ್ತೆ ಎಂದು ಯಾರೋ ಹೆದರಿಸಿರಬಹುದು. ತಪ್ಪುವುದಿಲ್ಲ. ಮನೆಗೆಂದು ಮಾಡಿದ ಸಾಲ ತೀರಿಸಲು ಮಾಡಿದ ಎರಡನೇ ಸಾಲದ ಬಡ್ಡಿಗೂ ವಿನಾಯಿತಿ ಇದೆ ಎಂದು ನೇರ ತೆರಿಗೆ ಮಂಡಳಿ 1969ರಲ್ಲೇ ಸುತ್ತೋಲೆ ಹೊರಡಿಸಿದೆ. ಹಣ ಹಳೇ ಸಾಲಕ್ಕೇ ಹೋಯಿತು ಅನ್ನೋದಕ್ಕೆ ದಾಖಲೆ ಇಟ್ಟುಕೊಂಡರೆ ಸಾಕು. ಬ್ಯಾಂಕಿನಿಂದ ಕಂಪನಿಗೆ ನೇರ ಹೋಗುವುದರಿಂದ ಅದು ಕಷ್ಟವಲ್ಲ. ನಿಮ್ಮ ಹೆಂಡತಿ ಸಹ ಅರ್ಜಿದಾರರು ಮಾತ್ರ, ಮನೆ ನಿಮ್ಮೊಬ್ಬರ ಹೆಸರಿನಲ್ಲಿದೆ. ಹಾಗಾಗಿ ಈ ಲೆಕ್ಕ ಎಲ್ಲ ನಿಮ್ಮ ರಿಟರ್ನ್‌ನಲ್ಲೇ ಬರಬೇಕು, ಅವರ ಪಾಲು ಅಂತ ತೋರಿಸುವ ಹಾಗಿಲ್ಲ.

ಟಾಪ್‌ಅಪ್ 5 ಲಕ್ಷ ಯಾಕೆ ಬೇಕು ಎಂದು ನೀವು ಬರೆದಿಲ್ಲ. ಏಜೆಂಟರು ಕೊಡಿಸ್ತೀನಿ ಅಂದರು ಅನ್ನೋದು ಕಾರಣ ಅಲ್ಲ. ಅದೇ ಮನೆಯ ರಿಪೇರಿಗೋ ಕಟ್ಟಡಕ್ಕೋ ಹಾಕಿ ಬಿಲ್ಲು ಇಟ್ಟುಕೊಂಡರೆ ಅದರ ಬಡ್ಡಿಯೂ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಮದುವೆಗೋ, ಶ್ರೀರಂಗಪಟ್ಟಣದ ಕಡೆ ಇನ್ನೊಂದು ಸೈಟಿಗೋ ಹಾಕಿದರೆ ಬರುವುದಿಲ್ಲ. ಬೇಡದಿದ್ದರೆ ಬೇಡ ಎಂದೇ ಬರೆದುಕೊಡಿ.

ಈಗ ಮಾವನವರ ಭೋಗ್ಯದ ಮಾತು. ಮೈಸೂರು, ಮಂಡ್ಯ ಕಡೆ ಇದು ಹಿಂದಿನಿಂದ ನಡೆದು ಬಂದ ಪದ್ಧತಿ, ಹಿರಿಯರಿಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬಾಡಿಗೆ ಕೇಳುವ ರಗಳೆ ಇಲ್ಲ, ದೊಡ್ಡ ಗಂಟು ಒಟ್ಟಿಗೆ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 12 ಲಕ್ಷವನ್ನು ಈಗಿನ ಸಾಲಕ್ಕೇ ಕಟ್ಟಿದರೂ ವರ್ಷಕ್ಕೆ ಉಳಿಯುವ ಬಡ್ಡಿ 1,12,800. ಬಿಟ್ಟುಕೊಟ್ಟ ಬಾಡಿಗೆ 2,64,000. ವರ್ಷಕ್ಕೆ ಒಂದೂವರೆ ಲಕ್ಷ ಕೈಬಿಟ್ಟ ಹಾಗೆ. 7.9ರ ಸಾಲದಲ್ಲಾದರೆ 33 ಲಕ್ಷಕ್ಕಿಂತ ಮೇಲೆ ಭೋಗ್ಯ ಕೊಡುವವರು ಸಿಕ್ಕರೆ ಮಾತ್ರ ಸಮ ಆಗುತ್ತದೆ. ಆ ದುಡ್ಡಿಗೆ ಯಾರು ಬರ್ತಾರೆ? ಅವಧಿ ಮುಗಿದಾಗ ಆ 12 ಲಕ್ಷ ವಾಪಸ್ ಕೊಡಬೇಕು, ಅದು ಆಗಲೇ ಸಾಲಕ್ಕೆ ಹೋಗಿರುತ್ತದೆ. ಇನ್ನೊಬ್ಬ ಭೋಗ್ಯದವರು ಸಿಗುವವರೆಗೆ ಹಳಬರು ಬಿಡೋದಿಲ್ಲ. ತೆರಿಗೆಯೂ ತಪ್ಪುವುದಿಲ್ಲ, ಬಾಡಿಗೆ ಬರದಿದ್ದರೂ ಆ ಮನೆಗೆ ಬರಬಹುದಾದ ಬಾಡಿಗೆಯನ್ನು ಆದಾಯ ಎಂದೇ ಹಿಡಿಯುತ್ತಾರೆ.

ಇದಕ್ಕಿಂತ ಮುಖ್ಯ, ಮನೆ ಅಡ ಇದೆ. ಅಡ ಇಟ್ಟ ಕಟ್ಟಡವನ್ನು ಮಾಲೀಕ ಯಾವ ಷರತ್ತಿನಲ್ಲಿ ಬಾಡಿಗೆಗೆ ಕೊಡಬಹುದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಂ ಹೇಳುತ್ತದೆ. ಮೂರು ವರ್ಷ ಮೀರುವಂತಿಲ್ಲ, ಸಿಗಬಹುದಾದ ಸರಿಯಾದ ಬಾಡಿಗೆಗೆ ಕೊಡಬೇಕು, ಮುಂಗಡವಾಗಿ ಬಾಡಿಗೆ ಪಡೆಯುವಂತಿಲ್ಲ. ಸಾಲದ ಕರಾರಿನಲ್ಲಿ ಇದಕ್ಕಿಂತ ಬಿಗಿಯಾದ ಷರತ್ತಿದ್ದರೆ ಅದೇ ನಡೆಯುತ್ತದೆ, ಸಾಮಾನ್ಯವಾಗಿ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು ಎಂದಿರುತ್ತದೆ. ಬಾಡಿಗೆಯೇ ಇಲ್ಲದೆ ದೊಡ್ಡ ಮೊತ್ತ ಹಿಡಿದುಕೊಂಡು ಕೂತ ಭೋಗ್ಯದವರನ್ನು ಕಂಡರೆ ಹೊಸ ಬ್ಯಾಂಕು ಸಾಲ ತೆಗೆದುಕೊಳ್ಳಲು ಹಿಂದೆ ಸರಿಯುತ್ತದೆ. 11 ತಿಂಗಳ ಬಾಡಿಗೆ ಕರಾರು, ಬಾಡಿಗೆ ಪ್ರತಿ ತಿಂಗಳು ನಿಮ್ಮ ಖಾತೆಗೆ, ಹೀಗಿದ್ದರೆ ಬ್ಯಾಂಕು ಬಾಡಿಗೆಯ ಒಂದು ಭಾಗವನ್ನು ನಿಮ್ಮ ಆದಾಯಕ್ಕೆ ಸೇರಿಸಿ ನೋಡುತ್ತದೆ. ಮಾವನವರಿಗೆ ಈ 33 ಲಕ್ಷದ ಲೆಕ್ಕ ಹೇಳಿ, ಒಪ್ಪುತ್ತಾರೆ. ರಿಟರ್ನ್‌ನಲ್ಲಿ ಬಾಡಿಗೆ ತೋರಿಸದೆ ಇದ್ದರೆ ಮಾತ್ರ ಬ್ಯಾಂಕು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅರ್ಜಿಯಲ್ಲಿ ಸ್ವಂತ ವಾಸವೋ ಬಾಡಿಗೆಗೆ ಕೊಟ್ಟಿದೆಯೋ ಎಂಬ ಕಲಂ ಬರುತ್ತದೆ, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮನೆ ನೋಡಲು ಬಂದವರಿಗೆ ಬಾಗಿಲು ತೆಗೆಯುವುದು ನಿಮ್ಮ ಬಾಡಿಗೆದಾರರೇ ತಾನೇ.

ಮನೆ ನೋಡಲು ಬರುವವರ ವಿಷಯ ಬಂತಲ್ಲ, ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಮಹಡಿ ಮೇಲಿನ ಆ ರೂಮು. ಹೊಸ ಬ್ಯಾಂಕು ಕಳಿಸುವ ಎಂಜಿನಿಯರ್ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಮಂಜೂರಾದ ಪ್ಲಾನಿನ ನಕಲು ಹಿಡಿದು ಬರುತ್ತಾರೆ. ಮುಂದೆ ಹಿಂದೆ ಬಿಟ್ಟ ಜಾಗ ಅಳೆಯುತ್ತಾರೆ, ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ಪ್ಲಾನಿನಲ್ಲಿ ನೆಲಮಹಡಿ ಮಾತ್ರ ಇದ್ದು, ಮೇಲೆ ಹಾಲು, ರೂಮು, ಸಿಂಕು ಕಂಡರೆ ವರದಿಯಲ್ಲಿ ಹಾಗೇ ಬರೆಯುತ್ತಾರೆ. ಕೆಲವು ಬ್ಯಾಂಕು ಮಂಜೂರಾದ ಭಾಗಕ್ಕೆ ಮಾತ್ರ ಬೆಲೆ ಕಟ್ಟಿ ಸಾಲ ಕೊಡುತ್ತವೆ, ಕೆಲವು ಅಲ್ಲೇ ಕಡತ ಮುಚ್ಚುತ್ತವೆ. ಪ್ರೊಸೆಸಿಂಗ್ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. 2017ರಲ್ಲಿ ಮನೆ ನೋಡಿದ ನಿಮ್ಮ ಹಳೇ ಕಂಪನಿ ಆಮೇಲೆ ಆ ಕಡೆ ತಲೆ ಹಾಕಿರಲಿಕ್ಕಿಲ್ಲ.

ಹಾಗಾಗಿ ಮೊದಲ ಕೆಲಸ ಇದು. ಪ್ಲಾನಿನ ಪ್ರತಿ ತೆಗೆದು ನೋಡಿ. ಮೇಲಿನ ಮಹಡಿಗೂ ಮಂಜೂರಾತಿ ಇದೆಯೇ? ಇದ್ದರೆ ಧೈರ್ಯವಾಗಿ ಬ್ಯಾಂಕಿಗೆ ಹೋಗಿ. ಇಲ್ಲದಿದ್ದರೆ ಫೀ ಕಟ್ಟುವ ಮುಂಚೆ ಶಾಖಾ ವ್ಯವಸ್ಥಾಪಕರಿಗೆ ಬಾಯಿ ಬಿಟ್ಟು ಹೇಳಿ, ಅವರ ಪಟ್ಟಿಯಲ್ಲಿರುವ ಎಂಜಿನಿಯರ್ ಏನಂತಾರೆ ಕೇಳಿ. ಅಲ್ಲಿ ಆಗಲ್ಲ ಅಂದರೆ ಮರುಮಾತಿಲ್ಲದೆ ಹಳೇ ಕಂಪನಿಯ 8.2 ತಗೊಳ್ಳಿ. ಕನ್ವರ್ಷನ್‌ಗೆ ಸಾಮಾನ್ಯವಾಗಿ ಯಾರೂ ಟೇಪು ಹಿಡಿದು ಬರುವುದಿಲ್ಲ.

ಖಾತೆಯನ್ನೂ ಹಾಗೇ ನೋಡಿಕೊಳ್ಳಿ. ನಿಮ್ಮ ಬಡಾವಣೆಯ ಖಾತೆ ಮೈಸೂರು ಅಭಿವೃದ್ಧಿ ಪ್ರಾಧಿಕಾರದಲ್ಲಿದೆಯೋ (ಹಿಂದಿನ ಮುಡಾ) ಪಾಲಿಕೆಗೆ ಸೇರಿದೆಯೋ ವಿಚಾರಿಸಿ, ಇ-ಖಾತೆ ಆಗಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ, ಈ ಸಾಲಿನ ಕಂದಾಯ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಬಿ-ಖಾತೆಯ ಮನೆಯನ್ನು ಹೆಚ್ಚಿನ ಬ್ಯಾಂಕುಗಳು ಮುಟ್ಟುವುದಿಲ್ಲ. ಮುಡಾ ಸೈಟಾದರೆ ಮೂಲ ಹಂಚಿಕೆ ಪತ್ರದಿಂದ ನಿಮ್ಮ ಕ್ರಯಪತ್ರದವರೆಗಿನ ಸರಪಳಿ ಎಲ್‌ಓಡಿಯಲ್ಲಿ ಪೂರ್ತಿ ಇದೆಯೇ ಎಂದು ಒಂದೊಂದೇ ಗುರುತು ಹಾಕಿ. ಒಂದು ಕಾಗದ ಕಾಣದಿದ್ದರೆ ಈಗ ಗೊತ್ತಾಗುವುದು ಒಳ್ಳೆಯದು.

ಹಣ ಕೈ ಬದಲಾಗುವ ವಾರ ಸ್ವಲ್ಪ ಚುರುಕಾಗಿರಿ. ಹೊಸ ಬ್ಯಾಂಕು ನಿಮ್ಮ ಹಳೇ ಸಾಲದ ಖಾತೆಯ ಹೆಸರಿಗೆ ಡಿಡಿ ಬರೆದ ದಿನದಿಂದ ಅವರ ಬಡ್ಡಿ ಶುರು. ಅದು ಹಳೇ ಕಂಪನಿಗೆ ಜಮಾ ಆಗುವವರೆಗೆ ಅವರ ಬಡ್ಡಿಯೂ ನಿಲ್ಲುವುದಿಲ್ಲ. 30 ಲಕ್ಷಕ್ಕೆ 7.9ರಲ್ಲಿ ದಿನಕ್ಕೆ ಸುಮಾರು 650 ರೂಪಾಯಿ. ಡಿಡಿ ಯಾರದೋ ಬ್ಯಾಗಿನಲ್ಲಿ ಹತ್ತು ದಿನ ಕೂತರೆ ಆರೂವರೆ ಸಾವಿರ ಹೋಯಿತು. ಏಜೆಂಟರ ಕೈಗೆ ಬಿಡದೆ ನೀವೇ ಜೊತೆಗೆ ಹೋಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಫೋರ್‌ಕ್ಲೋಷರ್ ಪತ್ರದಲ್ಲಿ ಬರೆದ ಕೊನೆಯ ದಿನಾಂಕದ ಒಳಗೆ ಇದು ಆಗಬೇಕು, ಇಲ್ಲದಿದ್ದರೆ ಮೊತ್ತ ಬದಲಾಗಿ ಮತ್ತೆ ಹೊಸ ಪತ್ರ.

ಸಾಲ ತೀರಿದ 30 ದಿನದ ಒಳಗೆ ಮೂಲ ಕಾಗದಪತ್ರ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಇದೆ, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅನ್ವಯಿಸುತ್ತದೆ. ತಡ ಮಾಡಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಬಗೆಹರಿಯದಿದ್ದರೆ ಇಂಥ ಕಂಪನಿಗಳ ಮೇಲಿನ ದೂರು ಹೋಗಬೇಕಾದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ಗೆ. ಬ್ಯಾಂಕುಗಳ ಮೇಲಿನ ದೂರಿಗೆ ಇರುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆದರೆ ಕಾಲ ವ್ಯರ್ಥ.

ಹಳೇ ಅಡಮಾನ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ಬಿಡುಗಡೆ ಪತ್ರವೂ ನೋಂದಣಿ ಆಗಬೇಕು. ಸರ್ಸಾಯ್ ಎಂಬ ಕೇಂದ್ರ ದಾಖಲೆಯಿಂದಲೂ ಹಳೇ ಕಂಪನಿ ತನ್ನ ಹೆಸರು ತೆಗೆಸಬೇಕು. ಹೆಚ್ಚಿನವರು ಕಾಗದ ಹೊಸ ಬ್ಯಾಂಕಿಗೆ ತಲುಪಿತು ಎಂದು ಇದನ್ನು ಮರೆತುಬಿಡುತ್ತಾರೆ, ಮನೆ ಮಾರುವ ದಿನ ಋಣಭಾರ ಪತ್ರದಲ್ಲಿ ಎರಡು ಅಡಮಾನ ಒಟ್ಟಿಗೆ ಕಾಣಿಸುತ್ತದೆ. ಎಲ್ಲ ಮುಗಿದು ಒಂದು ತಿಂಗಳಿಗೆ ಕಾವೇರಿ ಪೋರ್ಟಲ್‌ನಲ್ಲಿ 2017ರಿಂದ ಇವತ್ತಿನವರೆಗಿನ ಇಸಿ, ಅಂದರೆ ಆ ಋಣಭಾರ ಪತ್ರ, ತೆಗೆಸಿ. ಅದರಲ್ಲಿ ಹಳೇ ಅಡಮಾನ, ಅದರ ಬಿಡುಗಡೆ, ಹೊಸ ಅಡಮಾನ, ಈ ಮೂರೂ ಸಾಲು ಇರಬೇಕು. ನಡುವಿನದು ಕಾಣದಿದ್ದರೆ ಎಲ್‌ಓಡಿ ಹಿಡಿದು ಹಳೇ ಶಾಖೆಗೆ ಇನ್ನೊಂದು ಸಲ ಹೋಗಬೇಕಾಗುತ್ತದೆ.